ಯಂತ್ರ ಬದಲಾದ ಶನಿವಾರ

ಲಾಕ್‌ಡೌನಿನ ಆ ವಸಂತದಲ್ಲಿ ನೆದರ್ಲೆಂಡ್ಸಿನ ಯುಟ್ರೆಕ್ಟ್‌ನ ನಮ್ಮ ಆಫೀಸು ಮುಚ್ಚಿದ್ದರೂ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರನ್ನು ಬದಲಿಸುವ ದಿನವನ್ನು ಮುಂದೂಡಲಿಲ್ಲ. ಆಮರ್ಸ್‌ಫೋರ್ಟ್‌ನ ನಮ್ಮನೆಯ ಊಟದ ಮೇಜಿನ ಮುಂದೆ ನಾನು, ಟಿಲ್‌ಬರ್ಗ್‌ನ ಫ್ಲ್ಯಾಟಿನಲ್ಲಿ ನನ್ನ ಸಹೋದ್ಯೋಗಿ, ಶನಿವಾರ ಬೆಳಿಗ್ಗೆಯೇ ಲ್ಯಾಪ್‌ಟಾಪ್ ತೆರೆದು, ಧ್ವನಿ ಕರೆಯಲ್ಲಿ ಸೇರಿಕೊಂಡು ಕೂತೆವು. ಅವನು ದಾವಣಗೆರೆಯವನು. ಊರಿಗೆ ಹೋಗಿದ್ದ ಹೆಂಡತಿ ವಿಮಾನ ನಿಂತು ಅಲ್ಲೇ ಸಿಕ್ಕಿಬಿದ್ದಿದ್ದಳು.

ನಮ್ಮ ಭಯವೆಲ್ಲ ಒಂದೇ ಪ್ರೋಗ್ರಾಂ ಬಗ್ಗೆ. ಪಿಂಚಣಿ ಲೆಕ್ಕ ಹಾಕುವ ಅದನ್ನು ನಾನು ಹುಟ್ಟುವ ಮೊದಲೇ ಯಾರೋ ಬರೆದಿದ್ದರು. ಮೂಲ ಬರಹ ಎಂದೋ ಕಳೆದುಹೋಗಿ, ಯಂತ್ರಕ್ಕೆ ಮಾತ್ರ ಅರ್ಥವಾಗುವ ರೂಪ ಉಳಿದಿತ್ತು. ಕೆಟ್ಟರೆ ತಿದ್ದುವಂತಿಲ್ಲ. ಮೊದಮೊದಲ ಕಂಪ್ಯೂಟರುಗಳ ಕಾಲದಲ್ಲಿ ಅದೇ ಕಂಪನಿಯ ಹೊಸ ಯಂತ್ರ ತಂದರೂ ಎಲ್ಲ ಪ್ರೋಗ್ರಾಂಗಳನ್ನು ಮತ್ತೆ ಬರೆಯಬೇಕಿತ್ತಂತೆ. ಆಮೇಲೆ, ಇಂದು ಬರೆದದ್ದು ನಾಳೆಯ ಯಂತ್ರದಲ್ಲೂ ನಡೆಯುತ್ತದೆ ಎಂದು ತಯಾರಕರು ಮಾತು ಕೊಟ್ಟರು. ಆ ಮಾತನ್ನೇ ನಂಬಿ ನಾವು ಕೂತಿದ್ದೆವು.

ಅವನು ಎರಡು ದಿನದಿಂದ ಕೆಮ್ಮುತ್ತಿದ್ದ. ಹೂವಿನ ಪರಾಗದ ಅಲರ್ಜಿ ಎಂದಿದ್ದ. ಮಧ್ಯಾಹ್ನದ ಹೊತ್ತಿಗೆ ಪ್ರೋಗ್ರಾಂ ಹೊಸ ಯಂತ್ರದಲ್ಲಿ ಅರ್ಧಕ್ಕೇ ನಿಂತಿತು. ಅವನ ಉಸಿರು ಆಗಲೇ ಮಾತಿಗಿಂತ ಜೋರಾಗಿ ಕೇಳುತ್ತಿತ್ತು.

"ನೀನು ಮಲ್ಕೋ. ಸೋಮವಾರ ನೋಡೋಣ," ಎಂದೆ.

"ಸೋಮವಾರ ಹಳೇ ಮಷೀನ್ ಇರಲ್ಲ ಅಕ್ಕಾ. ಈ ಹಳೇ ಕಾಲದ ಪ್ರೋಗ್ರಾಂಗೆ ಮೆಮೊರಿಯ ಮೇಲಿನ ಭಾಗ ಕಾಣಲ್ಲ. ಕೆಳಗಡೆನೇ ಜಾಗ ಕೊಡಿ..."

ಏನೋ ಬಿದ್ದ ಸದ್ದಾಯಿತು. ಎಷ್ಟು ಕರೆದರೂ ಉತ್ತರವಿಲ್ಲ. ಫೋನಿನಲ್ಲಿ ಆಂಬುಲೆನ್ಸಿನವರಿಗೆ ಅವನ ವಿಳಾಸ ಹೇಳುವಾಗ ಉಸಿರು ಎನ್ನುವುದರ ಡಚ್ ಪದವೇ ನನಗೆ ಮರೆತುಹೋಯಿತು. ಕರೆ ಕಟ್ ಮಾಡಲು ಧೈರ್ಯವಾಗದೆ ಲ್ಯಾಪ್‌ಟಾಪಿಗೆ ಕಿವಿಯಿಟ್ಟು ಕೂತೆ. ಅವನ ಮನೆಯ ಕರೆಗಂಟೆ ಒಂದೇ ಸಮನೆ ಬಡಿಯುತ್ತಿತ್ತು. ಬಾಗಿಲು ಒಡೆದ ಸದ್ದು, ಬೂಟುಗಳು, ಅವಸರದ ಡಚ್ ಮಾತು. ಯಾರೋ ಅವನ ಲ್ಯಾಪ್‌ಟಾಪ್ ಮುಚ್ಚಿದರು.

ಆಮೇಲೆ ಅವನು ಹೇಳಿದಂತೆ ಪ್ರೋಗ್ರಾಂಗೆ ಮೆಮೊರಿಯ ಕೆಳಭಾಗದಲ್ಲೇ ಜಾಗ ಕೊಟ್ಟೆ. ಪ್ರೋಗ್ರಾಂ ಓಡಿತು. ಲೆಕ್ಕ ತಾಳೆಯಾಯಿತು. ಖುಷಿಯೇನೂ ಆಗಲಿಲ್ಲ, ಅವನ ಹೆಂಡತಿಗೆ ಫೋನ್ ಮಾಡಬೇಕಿತ್ತು. ಆಸ್ಪತ್ರೆಗೆ ಸೇರಿಸಿದ್ದಾರೆ ಎಂದಷ್ಟೇ ಹೇಳಿದೆ. ಅಂದಿನಿಂದ ಅವನು ಆಕ್ಸಿಜನ್ನಿನಲ್ಲಿದ್ದ ದಿನಗಳುದ್ದಕ್ಕೂ ಫೋನ್ ರಿಂಗಾದರೆ ಎತ್ತಲು ಹೆದರುತ್ತಿದ್ದೆ.

ಅವನು ಗುಣವಾದ ಮೇಲೆ, ಬೇಸಿಗೆಯಲ್ಲಿ ಟಿಲ್‌ಬರ್ಗ್ ನಿಲ್ದಾಣದ ಬೆಂಚಿನ ಎರಡು ತುದಿಗೆ ಕೂತು ಮಾತಾಡಿದೆವು. ತುಂಬಾ ಇಳಿದುಹೋಗಿದ್ದ. ಆ ಶನಿವಾರದ್ದು ಅವನಿಗೇನೂ ನೆನಪಿರಲಿಲ್ಲ. ಕರೆಯಲ್ಲಿ ನನ್ನ ಕಿವಿಗೆ ಬಿದ್ದದ್ದನ್ನೆಲ್ಲ ಹೇಳಿದೆ. "ಬಾಗಿಲು ಒಡೆದಿದ್ದು ನನ್ನ ಹೆಂಡ್ತಿಗೆ ಹೇಳ್ಬೇಡಿ ಅಕ್ಕಾ, ಒಬ್ನೇ ಬಿದ್ದಿದ್ದೆ ಅಂತ ಕೊರಗ್ತಾಳೆ," ಎಂದ.