ಅವ್ವನ ಅರ್ಧ ತಾಸು

ಮನೆಗೆಲ್ಲ ಒಂದೇ ಮೊಬೈಲ್, ಅದೂ ಅಪ್ಪನ ಜೇಬಿನಲ್ಲಿ ಇರುತ್ತಿದ್ದ ದಿನಗಳವು. ರೋಣದ ನಮ್ಮ ಓಣಿಯಲ್ಲಿ ಹಗಲು ಯಾರೂ ಬಾಗಿಲು ಹಾಕುತ್ತಿರಲಿಲ್ಲ, ಒಳಗೆ ಬರುವವರು ಕೇಳಿ ಬರುತ್ತಲೂ ಇರಲಿಲ್ಲ. ಆ ವರ್ಷ ಮುಂಗಾರಿನಲ್ಲಿ ನನ್ನ ಮೂರು ತಿಂಗಳ ತಂಗಿ ಜ್ವರದಿಂದ ತೀರಿಕೊಂಡಳು. ಅವ್ವ ಅಳಲಿಲ್ಲ. ರೊಟ್ಟಿ ಬಡಿಯುತ್ತಿದ್ದವಳು ನಡುವೆ ಕೈ ನಿಲ್ಲಿಸಿ, ಎದೆ ಹಿಡಿದುಕೊಂಡು ಕೂತುಬಿಡುತ್ತಿದ್ದಳು. ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು.

ದವಾಖಾನೆಯಲ್ಲಿ ಡಾಕ್ಟರು ಗುಳಿಗೆ ಕೊಟ್ಟರು. ದಿನಾ ಮುಂಜಾನೆ ಅರ್ಧ ತಾಸು ಒಬ್ಬಳೇ ಕಣ್ಣು ಮುಚ್ಚಿ ಧ್ಯಾನಕ್ಕೆ ಕೂಡಬೇಕು, ಯಾರೂ ಮಾತಾಡಿಸಬಾರದು ಎಂದೂ ಹೇಳಿದರು.

ಕಾಳಿನ ಚೀಲ ಇಡುವ ಒಳಕೋಣೆ ಹೆಸರುಕಾಳು ಬರುವತನಕ ಖಾಲಿ ಇರುತ್ತಿತ್ತು. ಅಪ್ಪ ಅದಕ್ಕೆ ಸುಣ್ಣ ಬಳಿದ. ಅಪ್ಪನ ತಾಯಿ, ನಮ್ಮ ಆಯಿ, ನೆಲ ಸಾರಿಸಿ ಕಂಬಳಿ ಹಾಸಿದಳು. ಅಷ್ಟಕ್ಕೇ ಬಿಟ್ಟಿದ್ದರೆ ಸಾಕಿತ್ತು. ಬರಿ ಗೋಡೆಗೆ ಮುಖ ಮಾಡಿ ಕೂಡುವುದು ಆಯಿಗೆ ಸರಿಕಾಣಲಿಲ್ಲ. ದೀಪ ಹಚ್ಚಿಟ್ಟಳು, ಊದಿನಕಡ್ಡಿ ಸಿಕ್ಕಿಸಿದಳು, ಸೊಸೆಯ ಹಣೆಗೆ ವಿಭೂತಿ ಬಳಿದಳು. ಕೋಣೆಗೆ ಬಾಗಿಲಿರಲಿಲ್ಲ. ಹಳೆ ಸೀರೆಯ ಪರದೆ ಕಟ್ಟಿ, ಅದರ ಮುಂದೆ ನನ್ನನ್ನು ಕೂಡಿಸಿದರು.

"ಯಾರ ಬಂದ್ರೂ 'ಈಗ ಬ್ಯಾಡ್ರಿ' ಅನ್ನು. ಅಷ್ಟ ನಿನ್ನ ಕೆಲಸ," ಅಂದ ಅಪ್ಪ.

ನಾಲ್ಕು ದಿನ ನಡೆಯಿತು. ಐದನೆಯ ದಿನ ಮಜ್ಜಿಗೆ ಕೇಳಲು ಬಂದ ಬಾಜೂ ಮನೆಯ ನೀಲವ್ವ ಪರದೆ ಸರಿಸಿ ನೋಡಿದಳು. ಮುಚ್ಚಿದ ಕಣ್ಣು, ದೀಪ, ಹೊಗೆ.

"ಯವ್ವಾ! ಯಾವಾಗಿಂದ ಬರಾಕತ್ತೈತಿ ದೇವರು ಮೈಮ್ಯಾಲೆ? ನಮಗೊಂದ ಮಾತ ಹೇಳಬಾರದೇನು?"

"ದೇವರಲ್ರೀ, ಡಾಕ್ಟರು ಹೇಳ್ಯಾರ," ಅಂದೆ.

"ಸಣ್ಣಾಕಿ ನೀ, ನಿನಗೇನ ತಿಳಿತೈತಿ. ಸುಮ್ಕಿರು."

ಮರುದಿನದಿಂದ ತೆಂಗಿನಕಾಯಿ ಬರತೊಡಗಿದವು. ಒಬ್ಬಳಿಗೆ ಗಂಡನ ಕುಡಿತ, ಇನ್ನೊಬ್ಬಳಿಗೆ ಕೂಡಿಬರದ ಮಗಳ ಲಗ್ನ. ಎಲ್ಲರೂ ಅವ್ವನ ಮುಂದೆ ಕೂತು ಹೇಳಿಕೊಂಡು ಅತ್ತರು. ಅಪ್ಪ ಗದರಿದರೆ, "ದೇವರನ್ನ ಮುಚ್ಚಿಟ್ಕೊಂಡ್ರ ಮನಿಗೆ ಚಲೋ ಅಲ್ಲ ನೋಡಪಾ," ಎನ್ನುತ್ತಿದ್ದರು. ದೇವರೇ ಇದ್ದರೂ ಇದ್ದೀತು ಎಂದು ಆಯಿಗೂ ಒಳಗೊಳಗೇ ಅನುಮಾನ ಹತ್ತಿತ್ತು, ಯಾರನ್ನೂ ತಡೆಯಲಿಲ್ಲ. ಅವ್ವ ಕಣ್ಣು ತೆರೆಯುತ್ತಿರಲಿಲ್ಲ. ಅದರಿಂದ ಅವರ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು.

ಪಂಚಮಿ ಬಂತು. ಓಣಿಯ ಬೇವಿನ ಮರಕ್ಕೆ ಜೋಕಾಲಿ ಬಿತ್ತು. ಮನೆಮನೆಯಿಂದ ಹುರಿದ ಎಳ್ಳು, ಬೆಲ್ಲದ ಪಾಕದ ವಾಸನೆ. ಗೆಳತಿಯರು ಜೀಕುತ್ತ ಕೂಗುವುದನ್ನು ಕೇಳುತ್ತ ನಾನು ಪರದೆಯ ಮುಂದೆ ಕೂತಿದ್ದೆ. ಆಗ ನೀಲವ್ವ ಬಂದಳು. ಜಕ್ಕಲಿಗೆ ಕೊಟ್ಟ ಅವಳ ಮಗಳು ಹಬ್ಬಕ್ಕೆ ತವರಿಗೆ ಬಂದಿದ್ದಳು. ಮಗಳ ಕೂಸು ನೀಲವ್ವನ ಹೆಗಲ ಮೇಲಿತ್ತು.

"ಈಗ ಬ್ಯಾಡ್ರಿ..."

"ಹಿಡಿ, ಇನ್ನಾ ಬಿಸಿ ಐತಿ," ಎಂದು ನನ್ನ ಅಂಗೈಯಲ್ಲಿ ಎಳ್ಳುಂಡಿ ಇಟ್ಟಳು.

ನಾನು ಸರಿದು ಕೂತೆ.

ಪರದೆಯ ಸಂದಿನಿಂದ ಕಂಡದ್ದು ಇಷ್ಟು. ನೀಲವ್ವ ಕೂಸನ್ನು ಅವ್ವನ ಮಡಿಲಿಗೆ ಹಾಕಿದಳು. "ದಿನಾ ಚಿಟ್ಟನ ಚೀರಿ ಅಳತೈತಿ ತಾಯಿ, ಒಂದೀಟು ಕೈ ಆಡಿಸು." ಅವ್ವ ಕಣ್ಣು ತೆರೆದಳು. ಕೂಸು ಸೆರಗು ಹಿಡಿದು ಎದೆ ತಡಕಿತು. ಅವ್ವನ ಕುಪ್ಪಸ ಒದ್ದೆಯಾಯಿತು. ಅವಳು ಕೂಸಿನ ತಲೆಯ ಮೇಲೆ ಕೈ ಆಡಿಸಿ, ಎತ್ತಿ ತಿರುಗಿ ಕೊಟ್ಟಳು.

"ಆತು. ಹೋಗ್ರಿ."

ನನ್ನ ಬಾಯಲ್ಲಿ ಎಳ್ಳು ಇತ್ತು.

ಮಾರನೆಯ ದಿನದಿಂದ ಅವ್ವ ಧ್ಯಾನಕ್ಕೆ ಕೂಡಲಿಲ್ಲ. ಹೆಸರುಕಾಳು ಬಂದವು, ಕಂಬಳಿ ಹಾಸಿದ್ದ ಜಾಗದಲ್ಲಿ ಚೀಲ ಬಿದ್ದವು. ಯಾಕೆ ಒಳಗೆ ಬಿಟ್ಟೆ ಎಂದು ಅವಳು ನನ್ನನ್ನು ಇವತ್ತಿನವರೆಗೂ ಕೇಳಿಲ್ಲ.

ಅಪ್ಪ, ಆಯಿ, ನೀಲವ್ವ ಯಾರೂ ಈಗಿಲ್ಲ. ಹಳೆ ಮನೆ ಕೆಡವಿ ನನ್ನ ಅಣ್ಣ ಸ್ಲ್ಯಾಬಿನ ಮನೆ ಕಟ್ಟಿಸಿದ್ದಾನೆ. ಅವ್ವನಿಗೆಂದೇ ಒಂದು ಧ್ಯಾನದ ಕೋಣೆ, ಅದಕ್ಕೆ ಚಿಲಕವಿರುವ ಬಾಗಿಲು. ಬೇವಿನ ಮರವಿದ್ದಲ್ಲಿ ಕಾರು ನಿಲ್ಲುತ್ತದೆ. ಓಣಿಯವರು ಫೋನ್ ಮಾಡಿ ಬರುತ್ತಾರೆ, ಹೆಚ್ಚಾಗಿ ಫೋನಿನಲ್ಲೇ ಮುಗಿಸುತ್ತಾರೆ. ಕಳೆದ ಪಂಚಮಿಗೆ ಹೋದಾಗ ಮುಂಜಾನೆ ಅವ್ವ ಆ ಕೋಣೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದಳು.

"ಬಾಗಲಾ ಹಾಕಲೇನಬೇ?"

"ಬ್ಯಾಡ, ತಗದಿರಲಿ. ಯಾರರ ಬಂದಾರು."

ಅರ್ಧ ತಾಸು ನಾನು ಹೊಸ್ತಿಲ ಬಳಿ ಕೂತಿದ್ದೆ. ಯಾರೂ ಬರಲಿಲ್ಲ.