ತುಂಡುಗೆರೆಯ ಕೆಳಗೆ

ಗ್ರಾಫ್ ಕಾಗದದ ಒಂದಂಗುಲ ಚೌಕದೊಳಗೆ ನೂರು ಸಣ್ಣ ಚೌಕಗಳಿರುತ್ತವೆ. ಇಂದು ಹಳೆಯ ನೋಟುಬುಕ್ಕಿನಿಂದ ಜಾರಿಬಿದ್ದ ಹಾಳೆಯಲ್ಲಿ ಅವನ್ನು ಓರೆಯಾಗಿ ಸೀಳಿದ ಗೆರೆಯೊಂದಿತ್ತು. ಕೆಳಗೆಲ್ಲ ಪೆನ್ಸಿಲಿನ ಛಾಯೆ. ಐದು ವರ್ಷದ ಹಿಂದೆ, ದಾಂಡೇಲಿಯ ನಮ್ಮ ಮನೆಗೆ ಹಳಿಯಾಳದಿಂದ ವರನ ಕಡೆಯವರು ಬಂದುಹೋದ ಭಾನುವಾರ ನಾನೇ ಬರೆದದ್ದು.

ನೀವು ಗಣಿತಕ್ಕೆ ಹೆದರುವವರಾದರೂ ಈ ಲೆಕ್ಕ ನಿಮಗೆ ಗೊತ್ತು. ಅಡ್ಡ ಅಕ್ಷದ ಮೇಲೆ ಗಂಡು ಓದಿದ ವರ್ಷಗಳು, ಲಂಬ ಅಕ್ಷದ ಮೇಲೆ ಹೆಣ್ಣು ಓದಿದವು. ಇಬ್ಬರದೂ ಸಮವಾದರೆ ಬಿಂದು ಓರೆಗೆರೆಯ ಮೇಲೆ; ಹೆಣ್ಣಿನದು ಕಡಿಮೆಯಾದರೆ ಕೆಳಗೆ. ಮದುವೆಗೆ ಯೋಗ್ಯರ ವಸತಿ ಆ ಕೆಳಗಿನ ಪ್ರದೇಶ. ಸಮವಾದರೂ ನಡೆಯುವುದಿದ್ದರೆ ಗೆರೆಯನ್ನು ಪೂರ್ತಿ ಎಳೆಯಬೇಕು, ಇಲ್ಲದಿದ್ದರೆ ತುಂಡುತುಂಡಾಗಿ.

ವರ ಬಿ.ಎಸ್ಸಿ. ನಾನು ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿದವಳು. ಹಳಿಯಾಳದ ಹೈಸ್ಕೂಲೊಂದರಲ್ಲಿ ನೌಕರಿ ಸಿಕ್ಕಿತ್ತು. ಸೋಮವಾರ ಹಾಜರಾಗದಿದ್ದರೆ ಅದು ಬೇರೆಯವರಿಗೆ. "ಮದ್ವಿ ಗೊತ್ತಾಗ್ಲಿ, ಆಮ್ಯಾಲ ನೋಡೂಣು" ಎಂದಿದ್ದರು ಅಪ್ಪ.

ಸಂಬಂಧ ತಂದವರು ಅಪ್ಪನ ತಮ್ಮ, ನಮ್ಮ ಕಾಕಾ. ನಾನು ಚಹಾ ಹಿಡಿದು ನಿಂತಿರುವಾಗಲೇ ವರನ ತಾಯಿ ಅವರನ್ನು ಕೇಳಿದರು: "ಹುಡುಗಿ ಎಷ್ಟ ಕಲ್ತಾಳ್ರಿ?"

"ಬಿ.ಎಸ್ಸಿ. ರೀ." ನನ್ನ ಎರಡು ವರ್ಷಗಳು ಕಾಕಾನ ಒಂದು ಗುಟುಕು ಚಹಾದೊಂದಿಗೆ ಇಳಿದುಹೋದವು.

"ಅಂದ್ರ ನಮ್ಮ ಹುಡುಗನ ಸರಿಸಮಾ ಆತಲ್ರಿ! ಹುಡುಗಿ ಒಂದ ಕೈ ಕಡಿಮಿ ಇದ್ರ ಮನಿ ನೆಟ್ಟಗಿರ್ತೈತಿ."

ಗೆರೆ ತುಂಡಾದದ್ದು ಆಗ.

"ಪಾಸಾಗ್ಯಾಳಂತ ನಾ ಎಲ್ಲಿ ಅಂದೇನ್ರಿ ಅಕ್ಕಾರ? ಪರೀಕ್ಷಾಕ್ಕ ಕುಂತಿದ್ಲು, ಅಷ್ಟ."

"ಹಂಗನ್ರಿ! ಪಾಪ," ಎಂದು ಆಕೆ ಮೊದಲ ಬಾರಿಗೆ ನನ್ನತ್ತ ಪ್ರೀತಿಯಿಂದ ನೋಡಿದರು.

ಹೀಗೆ ನಮ್ಮದೇ ಪಡಸಾಲೆಯಲ್ಲಿ, ಒಬ್ಬ ಪರೀಕ್ಷಕನೂ ಇಲ್ಲದೆ ನಾನು ನಪಾಸಾದೆ. ಅಪ್ಪ ಕಿಟಕಿಯಾಚೆ ಕಾರ್ಖಾನೆಯ ಹೊಗೆ ನೋಡುತ್ತಿದ್ದರು; ಹೊಗೆಯಲ್ಲಿ ಅಂದು ವಿಶೇಷವೇನೂ ಇರಲಿಲ್ಲ. ವರ ಉಪ್ಪಿಟ್ಟಿನೊಳಗಿನ ಮೆಣಸಿನಕಾಯಿ ಆರಿಸುತ್ತಿದ್ದ. ನಾನೂ ತಲೆ ಬಗ್ಗಿಸಿ ಖಾಲಿ ಕಪ್ಪುಗಳನ್ನು ಜೋಡಿಸಿದೆ. ಅಲ್ಲಿಯವರೆಗೆ ನನ್ನ ಅಂಜಿಕೆಯನ್ನು ನಾನು ಸಭ್ಯತೆ ಎಂದು ಕರೆಯುತ್ತಿದ್ದೆ.

ಅವರು ಒಪ್ಪಿಗೆ ಹೇಳಿ ಹೋದ ಮೇಲೆ ಕಾಕಾ ಎಂದರು: "ನೌಕರಿ ಗೀಕರಿ ಅಂತ ಹೊಂಟೀ ಅಂದ್ರ ಎಲ್ಲಾ ಬಯಲಾಗ್ತೈತಿ, ನೋಡವ್ವ."

"ನಾ ಫೇಲ್ ಆಗಿಲ್ಲ, ಕಾಕಾ."

"ನೀ ಆಗಿಲ್ಲವ್ವ, ನಾ ಮಾಡೇನಿ. ನಿನ್ನ ಚಲೋದಕ್ಕ."

ಆ ಸಂಜೆ ಈ ಗ್ರಾಫ್ ಬರೆದೆ. ನನ್ನ ಬಿಂದು ಗೆರೆಯಿಂದ ಎರಡು ಮನೆ ಮೇಲಿತ್ತು. ಅದನ್ನು ಕೆಳಗಿಳಿಸುವ ವಿಧಾನವನ್ನು ಧಾರವಾಡದಲ್ಲಿ ನನಗೆ ಯಾರೂ ಕಲಿಸಿರಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹಳಿಯಾಳಕ್ಕೆ ಹೋದೆ. ವರನ ಮನೆಯ ಮುಂದಿನ ದಾರಿಯಲ್ಲೇ ನಡೆದು ಶಾಲೆ ತಲುಪಿ, ಹಾಜರಿ ಪುಸ್ತಕದಲ್ಲಿ ಹೆಸರು ಬರೆದೆ. ಪಕ್ಕದಲ್ಲಿ, ಯಾರೂ ಕೇಳದಿದ್ದರೂ, ಎಂ.ಎಸ್ಸಿ. ಎಂದು ಸೇರಿಸಿದೆ.