ಕುಂಕುಮ ಹತ್ತಿದ ಗೇರ್ ನಾಬ್

ಖಂಡೇಪೂಜೆಯ ದಿನ, ಅಂದರೆ ಆಯುಧಪೂಜೆಯ ದಿನ, ನನ್ನ ಹೆಂಡತಿ ತಾನೇ ಬಕೆಟ್ ಹಿಡಿದು ಕಾರು ತೊಳೆದಳು. ಬೇರೆಯವರು ಓಡಿಸಿ ಮಾರಿದ ಕಾರು, ನಮ್ಮಲ್ಲಿಗೆ ಬಂದು ತಿಂಗಳೂ ಆಗಿರಲಿಲ್ಲ. ಎಡಗಾಲು ಮುರಿದು ಕೂಡಿದ ಮೇಲೆ ಅವಳಿಗೆ ಕ್ಲಚ್ ಒತ್ತಲು ಆಗುತ್ತಿರಲಿಲ್ಲ. ಅದಕ್ಕೇ ಹುಡುಕಿ ಹುಡುಕಿ ಆಟೋಮ್ಯಾಟಿಕ್ ಗಾಡಿ ತೆಗೆದುಕೊಂಡಿದ್ದಳು. ದಿನಾ ಅದರಲ್ಲೇ ತಿಕೋಟಾಕ್ಕೆ, ತಾನು ಪಾಠ ಹೇಳುವ ಶಾಲೆಗೆ ಹೋಗಿ ಬರುತ್ತಿದ್ದಳು. ನನಗೆ ಕಾರು ಓಡಿಸಲು ಬರುತ್ತಿರಲಿಲ್ಲ.

ಜೋರಾಪುರ ಪೇಟೆಯ ನಮ್ಮ ಓಣಿಯಲ್ಲಿ ಅದೊಂದು ತಮಾಷೆಯ ವಿಷಯವಾಗಿತ್ತು. ಎದುರು ಮನೆಯ ಹಿರಿಯರು ಅವತ್ತೂ ಕಟ್ಟೆಯ ಮೇಲಿಂದ ನನ್ನನ್ನು ಕೆಣಕಿದರು. "ಏನ್ರಿ, ಮಾಲಕರು ಎಡಕ್ಕ ಕುಂಡ್ರೂದು, ಬಾಯಾರು ಗಾಡಿ ಹೊಡ್ಯೂದು?"

"ಪಗಾರ ಕೇಳಂಗಿಲ್ರಿ ಕಾಕಾ, ಬೈಯೋದೊಂದ ಜಾಸ್ತಿ," ಎಂದು ಅವಳೇ ಉತ್ತರ ಕೊಟ್ಟಳು.

ಕಾಯಿ ಒಡೆದು ನೀರನ್ನು ಗಾಲಿಗಳಿಗೆ ಹಾಕಿದಳು. ಉಳಿದದ್ದನ್ನು ಒಳಗೆ ಸ್ಟೇರಿಂಗಿಗೆ, ಗೇರ್ ನಾಬಿಗೆ ಚಿಮುಕಿಸಿದಳು. ಚಿಮುಕಿಸಿದ್ದಲ್ಲ, ಸುರಿದಳು. ಆಮೇಲೆ ಹೆಬ್ಬೆರಳಿಗೆ ಕುಂಕುಮ ಹಚ್ಚಿಕೊಂಡು ನಾಬಿನ ನೆತ್ತಿಗೆ ಒತ್ತಿದಳು.

"ಅಷ್ಟ್ಯಾಕ ಸುರೀತಿ?"

"ಮೊದಲನೇ ಪೂಜಿ ಐತಿ. ಸುಮ್ನಿರ್ರಿ."

ಸಂಜೆ ಬಬಲೇಶ್ವರಕ್ಕೆ, ತನ್ನ ತಾಯಿಗೆ ಫೋನ್ ಮಾಡಿದಳು. "ಯವ್ವಾ, ನಾಳಿ ಬನ್ನಿ ಕೊಡಾಕ ಬರ್ತೇನಿ. ನಿನ್ನನ್ನ ಗಾಡ್ಯಾಗ ಕೂಡಿಸ್ಕೊಂಡು ಒಂದ್ ಸುತ್ತ ಹೊಡಸ್ತೇನಿ. ಛಲೋ ಸೀರಿ ಉಟ್ಕೊಂಡ ಕೂಡು."

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಕುಸಿದಳು. ಆಸ್ಪತ್ರೆ ಮುಟ್ಟುವುದರೊಳಗೆ ಉಸಿರು ನಿಂತಿತ್ತು. ಹೃದಯ ಅಂದರು ಡಾಕ್ಟರು. ಅದಕ್ಕಿಂತ ಹೆಚ್ಚು ನಾನು ಕೇಳಲಿಲ್ಲ.

ಕಾರ್ಯ ಮುಗಿಸಿ ತಮ್ಮ ಮಗನ ಜೊತೆ ಊರಿಗೆ ಹೊರಟ ಅತ್ತೆ, ಅಂಗಳದಲ್ಲಿ ಹೊದಿಕೆ ಹಾಕಿ ನಿಲ್ಲಿಸಿದ್ದ ಕಾರಿನ ಮೇಲೆ ಕೈಯಾಡಿಸಿದರು. "ಒಂದ್ ಸಲ ಇದರಾಗ ಕುಂಡ್ರಬೇಕಿತ್ತು ನಾ," ಎಂದರು. ಆ ಮಾತು ನನ್ನೊಳಗೆ ಉಳಿಯಿತು. ಡ್ರೈವಿಂಗ್ ಕಲಿಯಲು ಹೋದೆ. ಈ ವಯಸ್ಸಿನಲ್ಲಿ ಯಾಕೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ, ಅತ್ತೆಯನ್ನು ಅವಳ ಕಾರಿನಲ್ಲಿ ಕೂಡಿಸಬೇಕು ಅಂತ.

ಲೈಸೆನ್ಸ್ ಬಂತು. ಹೊದಿಕೆ ತೆಗೆದು, ಹೊಸ ಬ್ಯಾಟರಿ ಹಾಕಿಸಿ ಚಾಲೂ ಮಾಡಿದೆ. ಇಂಜಿನ್ ಹತ್ತಿತು. ಬ್ರೇಕ್ ತುಳಿದು ಗೇರ್ ನಾಬಿನ ಬದಿಯ ಗುಂಡಿ ಒತ್ತಿದರೆ ಅದು ಒಳಗೆ ಹೋಗಲಿಲ್ಲ. ಗುಂಡಿ ಹೋಗದೆ ಗೇರ್ ಪಾರ್ಕಿನಿಂದ ಕದಲುವುದಿಲ್ಲ. ಗಾಡಿ ಗರ್ ಎನ್ನುತ್ತ ಅಲ್ಲೇ ನಿಂತಿತು.

ಮೆಕ್ಯಾನಿಕ್ ಮನೆಗೇ ಬಂದ. ಗುಂಡಿಯ ಸಂದಿಗೆ ಟಾರ್ಚ್ ಬೆಳಕು ಬಿಟ್ಟು ನೋಡಿ ನಕ್ಕುಬಿಟ್ಟ. "ಖಂಡೇಪೂಜಿಗೆ ಕಾಯಿನೀರು ಹಾಕಿದ್ರೇನು ಕಾಕಾ? ಗಾಡಿಗೆ ಕುಡಿಸೇಬಿಟ್ಟೀರಿ ನೋಡ್ರಿ. ಒಳಗ ಅಂಟಾಗಿ ಕುಂತೈತಿ." ನನ್ನ ಮುಖ ನೋಡಿ ನಗು ನಿಲ್ಲಿಸಿದ.

"ಹಾಕಿದಾಕಿ ಈಗ ಇಲ್ಲಪ್ಪಾ," ಎಂದೆ.

ನಾಬಿನ ನೆತ್ತಿಯ ಚರ್ಮದ ಹೊಲಿಗೆಯಲ್ಲಿ ಕುಂಕುಮ ಇನ್ನೂ ಕೆಂಪಗಿತ್ತು. ಒರೆಸಲು ಅರಿವೆ ತೆಗೆದವನ ಕೈ ಹಿಡಿದೆ. "ಅಲ್ಲಿ ಒರಸಬ್ಯಾಡ. ಇದನ್ನ ದುರಸ್ತಿ ಮಾಡಾಕ ಆಗಂಗಿಲ್ಲೇನು?"

ಅವನು ಬಿಸಿನೀರು ಕೇಳಿ ಪಡೆದು, ಸಂದಿಗೆ ಹನಿ ಹನಿ ಬಿಟ್ಟು ಬಹಳ ಹೊತ್ತು ಆಡಿಸಿದ. ಗುಂಡಿ ಒಂದು ಸಲ ಒಳಗೆ ಹೋಯಿತು. ಮತ್ತೆ ಹೊರಗೆ ಬರಲಿಲ್ಲ.

"ನಡೀಸಬಹುದು ಕಾಕಾ. ಆದ್ರ ದಾರ್ಯಾಗ ಕೈ ಕೊಡ್ತೈತಿ. ಯಾರನ್ನ ಕೂಡಿಸ್ಕೊಂಡು ಹೋಗಾವ್ರು?"

"ಅಕಿ ತಾಯಿನ್ನ."

"ಹಂಗಾದ್ರ ಬದಲಿ ಮಾಡ್ರಿ."

ನಾನು ಎದ್ದು ಒಳಗೆ ಹೋದೆ, ನೀರು ಕುಡಿದೆ, ತಿರುಗಿ ಬಂದೆ. "ಮಾಡು," ಎಂದೆ.

ಅದೇ ಗಾಡಿಯ ಹೊಸ ನಾಬು ಗಾಂಧಿ ಚೌಕದ ಅಂಗಡಿಯಲ್ಲಿ ಇರಲಿಲ್ಲ, ಹೊರಗಿಂದ ತರಿಸಿದರು. ಮೆಕ್ಯಾನಿಕ್ ಬುಡದ ಕವಚವನ್ನು ಕೆಳಗೆ ಸರಿಸಿ, ಸಣ್ಣದೊಂದು ಕ್ಲಿಪ್ಪು ಕಿತ್ತು, ಹಳೆಯದನ್ನು ಎರಡೂ ಕೈಯಿಂದ ಮೇಲಕ್ಕೆ ಎಳೆದ. ಟಕ್ ಎಂದು ಬಂತು. ಅಷ್ಟೇ ಕೆಲಸ. ನಾನು ಅದನ್ನು ಅವನ ಕೈಯಿಂದ ಇಸಕೊಂಡು ಕರವಸ್ತ್ರದಲ್ಲಿ ಸುತ್ತಿದೆ. ಹೊಸದು ನುಣ್ಣಗೆ, ತಣ್ಣಗೆ ಇತ್ತು. ಗುಂಡಿ ಸದ್ದಿಲ್ಲದೆ ಒಳಗೆ ಹೋಯಿತು.

ಮೊದಲು ತಿಕೋಟಾವರೆಗೆ ಹೋಗಿ ಬಂದು ಕೈ ಕುದುರಿಸಿಕೊಂಡೆ. ಆಮೇಲೆ ಒಂದು ರವಿವಾರ, ಮೊದಲೇ ಫೋನ್ ಮಾಡಿ ಹೇಳಿ, ಬಬಲೇಶ್ವರಕ್ಕೆ ಹೋದೆ. ಅತ್ತೆ ಒಳ್ಳೆಯ ಸೀರೆ ಉಟ್ಟು ಬಾಗಿಲಲ್ಲೇ ನಿಂತಿದ್ದರು. ಕಾರಿನೊಳಗೆ ಕೂತು ಸುತ್ತಲೂ ನೋಡಿದರು.

"ನನ್ನ ಮಗಳು ಕೈ ಎಲ್ಲಿಡತಿದ್ಲರಿ?"

ಸ್ಟೇರಿಂಗ್ ತೋರಿಸಿದೆ.

"ಎಡಗೈ?"

ಗೇರ್ ತೋರಿಸಿದೆ. ಅವರು ಅದರ ಮೇಲೆ ಅಂಗೈ ಊರಿದರು. ಸುಮ್ಮನಿರಬಹುದಿತ್ತು. ಆಗಲಿಲ್ಲ. "ಇದು ಹೊಸಾದ್ ರೀ ಅತ್ತಿ. ಅಕಿ ಹಿಡಿದದ್ದು ಕೆಟ್ಟಿತ್ತು, ತಗಿಸೀನಿ."

ಅವರು ಕೈ ತೆಗೆಯಲಿಲ್ಲ. "ಹಳೇದ್ ಒಗದ್ರೇನು?"

"ಇಲ್ರಿ. ಮನ್ಯಾಗೈತಿ."

"ಇರಲಿ. ನಡೀರಿ ಈಗ."

ಊರ ಹೊರಗಿನ ದ್ರಾಕ್ಷಿ ತೋಟಗಳವರೆಗೆ ಹೋಗಿ ತಿರುಗಿದೆವು. ಮನೆ ಬಂದರೂ ಅವರು ಇಳಿಯಲಿಲ್ಲ.

"ಅಕೀನೂ ಹಿಂಗ ಎತ್ತಿನ ಬಂಡಿ ಹೊಡದಂಗ ಹೊಡಿತಿದ್ಲೇನ್ರಿ?"

"ಎಲ್ಲೀದ್ರಿ. ಭಾಳ ಜೋರ ಹೊಡಿತಿದ್ಲು."

"ಹೌದಾ?" ಎಂದು ನಕ್ಕರು. ನಗುತ್ತಲೇ ಸೆರಗು ಕಣ್ಣಿಗೆ ಹೋಯಿತು.

ಅತ್ತೆ ಕಾರಿನಲ್ಲಿ ಕೂತದ್ದಾಯಿತು. ಮಗಳು ಕಾರು ಓಡಿಸಿದ್ದನ್ನು ಅವರು ನೋಡಲೇ ಇಲ್ಲ.